ಹಿಮದ ಮೇಲೆ ದೀಪ ದೊಡ್ಡದು ಮಾಡಿದ್ದು

ಡೆವನ್ ಅವೆನ್ಯೂ

ಚಿಕಾಗೋ ಏರ್‌ಪೋರ್ಟಿಗೆ ನನ್ನನ್ನು ಕರೆದೊಯ್ಯಲು ಬಂದ ಅನುವಿನ ಕಾರಿನ ಡಿಕ್ಕಿಯಲ್ಲಿ ನನ್ನ ಸೂಟ್‌ಕೇಸಿಗೆ ಜಾಗವಿರಲಿಲ್ಲ. ಅಲ್ಲಿ ಆಗಲೇ ಒಂದು ಸಲಿಕೆ ಪವಡಿಸಿತ್ತು. ಅದರ ಮಗ್ಗುಲಲ್ಲಿ ಮಡಚಿಟ್ಟ ಉದ್ದನೆಯ ಕೋಲು, ಎರಡು ಸ್ಕೀ ಹಲಗೆ, ಒಂದು ಜೊತೆ ಬೂಟು. ಆ ಬೂಟುಗಳನ್ನು ನೋಡಿದರೆ ಚಂದ್ರಲೋಕಕ್ಕೆ ಹೊರಟವರದ್ದಿರಬೇಕು ಅನ್ನಿಸಿತು. ಅನು ನನ್ನ ತಂಗಿ ವಿಮಲಳ ಒಬ್ಬಳೇ ಮಗಳು. ಹುಟ್ಟಿ ಬೆಳೆದದ್ದು ಡೆಟ್ರಾಯಿಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ನಲ್ಲಿ. ಅಲ್ಲೇ ಕಾರಿನ ಬಿಡಿಭಾಗಗಳ ಆಫೀಸೊಂದರಲ್ಲಿ ಎಂಜಿನಿಯರು.

"ಏನೇ ಇದು? ತೋಟ ಗೀಟ ಮಾಡ್ತಿದೀಯಾ?"

"ನೋ ದೊಡ್ಡಮ್ಮ. ಸ್ನೋ ಕೆಳಗೆ ಜನ ಸಿಕ್ಕಿಹಾಕ್ಕೊಂಡ್ರೆ ಅಗೆದು ತೆಗೆಯೋಕೆ."

"ಯಾವ ಜನ?"

"ಮೈ ಫ್ರೆಂಡ್ಸ್. ಆರ್ ಮಿ."

"ಬಿಡ್ತು ಅನ್ನು!"

"ಬಿಡ್ತು, ಬಿಡ್ತು," ಎಂದಳು, ಯಾರೋ ಸೀನಿದಾಗ ಬ್ಲೆಸ್ ಯು ಅನ್ನುವ ಉದಾಸೀನದಲ್ಲಿ.

ಮೈಸೂರಿನಿಂದ ಹೊರಟು ಎರಡು ಹಗಲು ಒಂದು ರಾತ್ರಿಯೋ, ಎರಡು ರಾತ್ರಿ ಒಂದು ಹಗಲೋ ಕಳೆದು ಬಂದವಳಿಗೆ ಸಿಕ್ಕ ಸ್ವಾಗತ ಇದು. ಊರಿಗೆ ಹೋಗುವ ಮುನ್ನ ಡೆವನ್ ಅವೆನ್ಯೂದಲ್ಲಿ ನಿಲ್ಲಿಸಿದಳು. ಅಮೆರಿಕ ನೋಡುವ ಆಸೆಯಿಂದ ಬಂದವಳು ಮೊದಲು ಕಂಡದ್ದು ಸೀರೆಯಂಗಡಿ, ಬಳೆಯಂಗಡಿ, ಸಮೋಸದ ವಾಸನೆ. ಜೊತೆಗೆ, ಪಾರ್ಕಿಂಗಿಗಾಗಿ ಒಂದೇ ಬೀದಿಯನ್ನು ಪ್ರದಕ್ಷಿಣೆ ಹಾಕುತ್ತಿದ್ದ ಗಂಡಸರು. ರೇಷ್ಮೆ ಸೀರೆಯ ಕೆಳಗೆ ರಬ್ಬರ್ ಬೂಟು ಹಾಕಿದ ಒಬ್ಬ ಹೆಂಗಸು ಕೊಳೆ ಹಿಮದಲ್ಲಿ ಸೆರಗು ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದಳು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನು ನೋಡಿದ್ದರೆ 'ಡಿಪೋರ್ಟ್‌ಮೆಂಟ್, ಗರ್ಲ್ಸ್!' ಎಂದು ನಡೆ-ನಿಲುವಿನ ಪಾಠ ನೆನಪಿಸಿ ಕೂಗುತ್ತಿದ್ದರು. ನಾನಂತೂ ಅವಳ ಓಟವನ್ನು ಮೆಚ್ಚಿಕೊಂಡೆ.

ಕೊನೆಗೆ ಒಂದು ಸೋನಾ ಮಸೂರಿ ಮೂಟೆ ಕೊಂಡು ಸಲಿಕೆಯ ಮೇಲೆ ಹೊರಿಸಿದೆವು. ಸೂಟ್‌ಕೇಸು ನನ್ನ ತೊಡೆಯ ಮೇಲೇ ಮಿಶಿಗನ್ನಿಗೆ ಬಂತು.

ರಾಚೆಸ್ಟರ್ ಹಿಲ್ಸ್

ಇಲ್ಲಿಯ ಹೆಸರುಗಳನ್ನು ನಂಬಬಾರದು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಹೈಟಿಲ್ಲ, ರಾಚೆಸ್ಟರ್ ಹಿಲ್ಸ್‌ನಲ್ಲಿ ಹಿಲ್ಲಿಲ್ಲ. ಚಾಮುಂಡಿ ಬೆಟ್ಟವನ್ನು ತಂದು ಇಲ್ಲಿಟ್ಟರೆ ಜನ ಅದಕ್ಕೆ ಟಿಕೆಟ್ ಇಟ್ಟಾರು. ಇಂಥ ದೋಸೆಕಾವಲಿಯಂಥ ಊರಿನಲ್ಲಿ ಬೆಳೆದ ಹುಡುಗಿಗೆ ಬೆಟ್ಟದ ಹುಚ್ಚು ಹಿಡಿದದ್ದು ಹೇಗೆಂದು ಯಾರಿಗೂ ತಿಳಿಯದು. ಅದೂ ಯಂತ್ರದ ಕುರ್ಚಿಯಲ್ಲಿ ಕೂತು ಮೇಲೆ ಹೋಗಿ ಸುಯ್ಯನೆ ಜಾರುವ ಹುಚ್ಚಲ್ಲ. ಕುರ್ಚಿಯಿಲ್ಲದ, ಅಂಗಡಿಯಿಲ್ಲದ, ಕಾವಲಿನವನೂ ಇಲ್ಲದ ಕಾಡುಬೆಟ್ಟವನ್ನು ಸ್ಕೀ ಕಟ್ಟಿಕೊಂಡೇ ಹತ್ತಬೇಕು. ಬೆಳಗಿನಿಂದ ಹತ್ತಿದ್ದನ್ನು ಒಂದು ಗಳಿಗೆಯಲ್ಲಿ ಇಳಿದು ಮುಗಿಸಬೇಕು. ಹಬ್ಬದಡುಗೆಯ ಲೆಕ್ಕಾಚಾರವೇ.

ಬರುವ ಮಾರ್ಚಿನಲ್ಲಿ ಇವಳ ಗುಂಪು ಪಶ್ಚಿಮದ ರಾಕಿ ಪರ್ವತಕ್ಕೆ ಹೊರಡುವುದಿತ್ತು. ಅಲ್ಲಿ ಹಿಮಕುಸಿತವಾಗುತ್ತದೆ. ಇಡೀ ಇಳಿಜಾರೇ ಕಂಬಳಿ ಜಾರಿದಂತೆ ಜಾರಿ ಕೆಳಗಿದ್ದವರನ್ನು ಮುಚ್ಚಿಬಿಡುತ್ತದೆ. ಡಿಕ್ಕಿಯ ಸಲಿಕೆ ಅದಕ್ಕೇ. ಎರಡು ಚಳಿಗಾಲದಿಂದ ಅನು ಹೋಗಬೇಕೆಂದು ಕುಣಿಯುತ್ತಿದ್ದಳು. ಅಮ್ಮ ಹ್ಞೂಂ ಅನ್ನುವವರೆಗೆ ಹೋಗುವುದಿಲ್ಲವೆಂದು ಯಾವುದೋ ದುರ್ಬಲ ಗಳಿಗೆಯಲ್ಲಿ ಮಾತು ಕೊಟ್ಟು ಸಿಕ್ಕಿಬಿದ್ದಿದ್ದಳು. ವಿಮಲ ಹ್ಞೂಂ ಅಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ. ಪ್ರತಿ ಸಲವೂ "ನೋಡೋಣ" ಅನ್ನುತ್ತಿದ್ದಳು. ನಮ್ಮ ಮನೆತನದಲ್ಲಿ ಅದರ ಅರ್ಥ ಏನೆಂದು ಅಮೆರಿಕದಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ನಾವು ಅಕ್ಕಿ ಮೂಟೆ ಇಳಿಸುತ್ತಿದ್ದಾಗ ವಿಮಲ, "ಸದ್ಯ ತಂದ್ರಲ್ಲ, ಮನೇಲಿ ಅಕ್ಕಿ ತುಂಬಿಹೋಗಿತ್ತು," ಎಂದಳು.

"ತುಂಬಿದ್ರೆ ಮತ್ತೆ ಯಾಕೆ ತರಿಸಿದೆ?" ಎಂದಳು ಅನು.

"ಖಾಲಿಯಾಗಿತ್ತು ಕಣೇ."

"ಹಾಗಂತ ಹೇಳು ಮತ್ತೆ!"

"ಹಾಗನ್ನಬಾರದು."

ಅನು ನನ್ನ ಮುಖ ನೋಡಿದಳು. ಒಡೆದ ಬಳೆಗೆ ಬಳೆ ಹೆಚ್ಚಿತು ಅನ್ನುವ, ಹೊರಡುವಾಗ ಬರುತ್ತೇನೆ ಅನ್ನುವ ಜನರ ವ್ಯವಹಾರವನ್ನು ಇಂಗ್ಲಿಷಿನಲ್ಲಿ ಯಾವ ಬಾಯಿಂದ ವಿವರಿಸುವುದು? ಕೈಚೀಲ ಹುಡುಕುವ ನೆಪ ಮಾಡಿದೆ.

ಆ ವಾರ ವಿಮಲ ನನ್ನನ್ನು ಬೇಸ್‌ಮೆಂಟಿಗೆ ಕರೆದೊಯ್ದು, ವಾಷಿಂಗ್ ಮಷೀನ್ ಶುರುಮಾಡಿ, ಅದರ ಗದ್ದಲದ ಮರೆಯಲ್ಲಿ ವಿಷಯ ತೆಗೆದಳು. "ಅಕ್ಕಾ, ಮುಂದಿನ ಶನಿವಾರ ಉತ್ತರದ ಕಡೆ ಪ್ರಾಕ್ಟೀಸ್ ಇದೆಯಂತೆ. ಅಲ್ಲಿ ಅವರ ಲೀಡರ್ ಪರೀಕ್ಷೆ ಮಾಡ್ತಾಳಂತೆ. ಪಾಸಾದೋರು ಮಾತ್ರ ಮಾರ್ಚಿಗೆ. ನೀನೂ ಜೊತೆಗೆ ಹೋಗು. ಸ್ನೋ ನೋಡಬೇಕು ಅನ್ನು."

"ಹೋಗಿ?"

"ಅವಳ ಬಾಯಲ್ಲೇ ಬೇಡ ಅನ್ನಿಸು. ನಿನ್ನ ಕಾನ್ವೆಂಟ್ ಇಂಗ್ಲಿಷಲ್ಲಿ ಹೇಳಿದ್ರೆ ಕೇಳ್ತಾಳೆ."

ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಈ ದೇಶದಲ್ಲಿ ಸಂದ ಗೌರವವನ್ನು ತಂಗಿಗೆ ಹೇಳಿರಲಿಲ್ಲ. ಹಿಂದಿನ ದಿನ ಅಂಗಡಿಯಲ್ಲಿ 'ಮೇ ಐ ಟ್ರಬಲ್ ಯು ಫಾರ್ ಎ ಪೇಪರ್ ಬ್ಯಾಗ್' ಎಂದಿದ್ದಕ್ಕೆ ಕೌಂಟರಿನ ಹುಡುಗಿ ಗಾಬರಿಯಾಗಿ ಮ್ಯಾನೇಜರನ್ನು ಕರೆದಿದ್ದಳು.

ಸೇತುವೆಯ ಆಚೆ

ಮಿಶಿಗನ್ನಿನ ಉತ್ತರದ ತುಂಡು ಸರೋವರದ ಆಚೆಗಿದೆ. ನಡುವೆ ಮೈಲಿಗಟ್ಟಲೆ ಉದ್ದದ ಸೇತುವೆ. ಅದರ ಒಂದು ಸಾಲಿಗೆ ರಸ್ತೆಯ ಬದಲು ಕಬ್ಬಿಣದ ಜಾಲರಿ ಹಾಸಿದ್ದಾರೆ. ಕೆಳಗೆ ನೋಡಿದರೆ ನೀರು ಕಾಣುತ್ತದೆ, ನಾನು ನೋಡಲಿಲ್ಲ. ಚಕ್ರಗಳು ತಂಬೂರಿಯಂತೆ ಮೊರೆಯುತ್ತಿದ್ದವು.

ಕಾರು ಓಡಿಸುತ್ತಿದ್ದದ್ದು ಇಮ್ರಾನ್. ಗದಗಿನವನು, ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ಎಂಜಿನಿಯರು. ಹೊಸದಾಗಿ ಗುಂಪಿಗೆ ಸೇರಿದ್ದ. ಏಪ್ರಿಲಿನಲ್ಲಿ ಮದುವೆ ಗೊತ್ತಾದ್ದರಿಂದ ರಾಕಿ ಪರ್ವತಕ್ಕೆ ಬರುವ ಹಾಗಿರಲಿಲ್ಲ. ಬರೀ ಅಭ್ಯಾಸಕ್ಕೆ ಬಂದಿದ್ದ.

"ನಿಮ್ಮ ಮನೇಲಿ ಹೆದರಲ್ವೇನಪ್ಪಾ?" ಎಂದೆ.

"ನಮ್ಮವ್ವಗ ಬರ್ಫದಾಗ ವಾಕಿಂಗ್ ಹೊಂಟೀನಿ ಅಂತ ಹೇಳೇನ್ರೀ ಆಂಟಿ. ಸುಳ್ಳೇನಲ್ಲ. ಸ್ವಲ್ಪ ಇಳಿಜಾರು ಐತಿ ಅನ್ನೂದು ಬಿಟ್ಟೇನಿ."

"ಸೀ? ಅವನೂ ನಿಮ್ಮ ಥರಾನೇ," ಎಂದಳು ಅನು ಹಿಂದಿನ ಸೀಟಿನಿಂದ.

ಲೇಕ್ ಸುಪೀರಿಯರ್ ಎಂಬ ಆ ಮಹಾಸರೋವರ ಕಂಡಾಗ ನನಗೆ ನಮ್ಮ ಮದರ್ ಸುಪೀರಿಯರ್ ನೆನಪಾದರು. ಅದೇ ತಣ್ಣನೆ, ಅದೇ ಗಾತ್ರ, ಆಚೆ ದಡ ಯಾರಿಗೂ ಕಂಡದ್ದಿಲ್ಲ. ಸರೋವರದ ಮೇಲಿನಿಂದ ಬೀಸುವ ಗಾಳಿ ತೇವ ಹೊತ್ತು ತಂದು ದಡದ ಗುಡ್ಡಗಳ ಮೇಲೆ ಹಿಮವಾಗಿ ಸುರಿಯುತ್ತದಂತೆ. ನಾವಿಳಿದ ಮರದ ಮನೆಯ ಕಿಟಕಿಗಳು ಅರ್ಧಕ್ಕೆ ಹೂತುಹೋಗಿದ್ದವು. ಒಳಗೆ ಒಲೆ, ಒಂದು ಫೋನು, ಮತ್ತು ಲಿಂಡಾ.

ಲಿಂಡಾ ಈ ಗುಂಪಿನ ಲೀಡರು. ಹಿಂದೆ ಸ್ಕೂಲಿನಲ್ಲಿ ಪೀಟಿ ಟೀಚರಾಗಿದ್ದವಳು. ಆಳೆತ್ತರ, ಬಾಗಿಲಗಲ. ನನ್ನ ಕೈಯನ್ನು ಪಂಪು ಹೊಡೆದಂತೆ ಕುಲುಕಿ "ಸರೋಹಾ" ಎಂದು ಕರೆದಳು. ನನ್ನ ಹೆಸರಿನ ಜಕಾರವನ್ನು ಸ್ಪ್ಯಾನಿಷಿನವರ ಹಾಗೆ ಹಕಾರ ಮಾಡಿಬಿಟ್ಟಿದ್ದಳು. ತಿದ್ದಿದೆ. ಮತ್ತೆ ಸರೋಹಾ ಎಂದಳು. ಅರುವತ್ತೇಳು ವರ್ಷ ಸರೋಜಾ ಆಗಿದ್ದದ್ದು ಸಾಕು, ಒಂದು ದಿನ ಸರೋಹಾ ಆಗೋಣ ಎಂದು ಸುಮ್ಮನಾದೆ.

ಗುಡ್ಡದ ಬುಡ

ಬೆಳಿಗ್ಗೆ ನನ್ನನ್ನು ಸಿದ್ಧಪಡಿಸಲು ಅನುವಿಗೆ ಬಹಳ ಹೊತ್ತು ಹಿಡಿಯಿತು. ಸಲ್ವಾರ್, ಅದರ ಮೇಲೆ ಉಣ್ಣೆಯದ್ದು, ಅದರ ಮೇಲೆ ಅವಳ ಹಳೆಯ ಸ್ಕೀ ಪ್ಯಾಂಟು, ಕಾಲಿಗೆ ಟೆನಿಸ್ ಬ್ಯಾಟಿನಂಥ ಸ್ನೋಶೂ. ಅವರು ಮೂವರೂ ಸ್ಕೀಗಳ ತಳಕ್ಕೆ ಉದ್ದನೆಯ ಬಟ್ಟೆಪಟ್ಟಿ ಅಂಟಿಸಿಕೊಂಡರು. ಸ್ಕಿನ್ ಎನ್ನುತ್ತಾರೆ. ಮುಂದಕ್ಕೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಬೆಕ್ಕಿನ ನಾಲಗೆ. ಹೀಗಾಗಿ ಸ್ಕೀ ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ.

ಆಮೇಲೆ ಪ್ರತಿಯೊಬ್ಬರಿಗೂ ಬೀಕನ್. ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಯಂತ್ರ, ಎದೆಗೆ ಕಟ್ಟಿಕೊಳ್ಳುವುದು, ಕೆಂಪು ದೀಪ ಮಿನುಗುತ್ತಿರುತ್ತದೆ. ಮಾಮೂಲಾಗಿ ಅದು 'ನಾನಿಲ್ಲಿದ್ದೇನೆ' ಎಂದು ಸದ್ದಿಲ್ಲದೆ ಸಿಗ್ನಲ್ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ. ಹತ್ತಿರವಾದಷ್ಟೂ ಬೀಪ್ ಬೀಪ್ ಜೋರಾಗುತ್ತದೆ. ನಾನು ಬರೀ ಕೆಳಗಿನ ದಾರಿಯಲ್ಲಿ ನಡೆಯುವವಳಾದರೂ ಲಿಂಡಾ ನನಗೂ ಒಂದು ಬಿಗಿದಳು. ಎದೆಯ ಮೇಲೆ ಮಾಂಗಲ್ಯವಿದ್ದ ಜಾಗದಲ್ಲಿ ಅದು ಟಿಕಿಟಿಕಿ ಮಿನುಗುವುದನ್ನು ನೋಡಿ ಏನೋ ಒಂಥರಾ ಆಯಿತು.

ಲಿಂಡಾಳ ಭಾಷಣ ನಾನು ಜೀವಮಾನದಲ್ಲಿ ಕೇಳಿದ ಅತ್ಯಂತ ಅಮಂಗಳಕರ ಭಾಷಣ. ನೀನು ಹೂತುಹೋದರೆ ಮೇಲೇಳಲು ಆಗುವುದಿಲ್ಲ, ಹಿಮ ಸಿಮೆಂಟಾಗುತ್ತದೆ. ಬೇಗ ತೆಗೆದರೆ ಬದುಕುತ್ತೀ, ತಡವಾದರೆ ಸಾಯುತ್ತೀ. ಆಂಬುಲೆನ್ಸ್ ಬರುವ ಹೊತ್ತಿಗೆ ನೀನು ಹೆಣ. ಇಷ್ಟನ್ನೂ ನಗುನಗುತ್ತಾ, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾ ಹೇಳಿದಳು. ನಾನು ಒಂದೊಂದು ವಾಕ್ಯಕ್ಕೂ ಬಾಯೊಳಗೇ ಬಿಡ್ತು ಬಿಡ್ತು ಅನ್ನುತ್ತಾ ಹೋಗಿ ಉಸಿರು ಕಟ್ಟಿತು.

ಗುಡ್ಡದ ಬುಡದ ಬಯಲಿನಲ್ಲಿ ಅವಳು ಸಲಿಕೆಯಿಂದ ಆಳವಾಗಿ ಗುಂಡಿ ತೋಡಿ, ಗುಂಡಿಯ ಗೋಡೆಯನ್ನು ಬ್ರಶ್ಶಿನಿಂದ ಸವರಿ, ನಮ್ಮನ್ನು ಕರೆದು ತೋರಿಸಿದಳು. ಹಿಮದೊಳಗೆ ಪದರ ಪದರ. ನಾನಂದೆ, "ಇದು ಚಿರೋಟಿ!"

"ವಾಟ್ಸ್ ಚಿರೋಟಿ?"

ಅನು ಹೇಳಿಕೊಟ್ಟಳು. ಲಿಂಡಾಗೆ ಹಿಡಿಸಿತು. ಪದರಗಳ ನಡುವೆ ಒಂದು ಕಡೆ ಹಿಮ ಅಂಟದೆ ಹರಳು ಹರಳಾಗಿ ಉದುರುತ್ತಿತ್ತು. ಅದನ್ನು ಇವರು ಶುಗರ್ ಎಂದೇ ಕರೆಯುತ್ತಾರಂತೆ. ಮೇಲೆ ಎಷ್ಟೇ ಗಟ್ಟಿ ಹಿಮ ಬಿದ್ದರೂ ಈ ಸಕ್ಕರೆಯ ಮೇಲೆ ನಿಂತದ್ದು ನಿಲ್ಲುವುದಿಲ್ಲ. ಒಂದು ಹಿಮದ ಕಂಬ ಕಡಿದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಿದಳು. ನಾಲ್ಕಾರು ಪೆಟ್ಟಿಗೆ ಮೇಲಿನ ಭಾಗ ಸಲೀಸಾಗಿ ಜಾರಿ ಅವಳ ಮಡಿಲಿಗೆ ಬಿತ್ತು. ಮೂವರ ಮುಖದ ನಗೆಯೂ ಅದರ ಜೊತೆ ಜಾರಿತು. ಎದುರಿಗೆ ಗುಡ್ಡದ ನಡುವಿನಿಂದ ಅಗಲವಾದ ಬಿಳಿ ಕೊರಕಲೊಂದು ಇಳಿಯುತ್ತಿತ್ತು. ಮಧ್ಯಾಹ್ನ ಅದರಲ್ಲೇ ಇಳಿಯುವ ಯೋಜನೆ.

"ನೋಡೋಣ," ಎಂದಳು ಲಿಂಡಾ, ಇಂಗ್ಲಿಷಿನಲ್ಲಿ. ಈ ಹೆಂಗಸೂ ನಮ್ಮ ಮನೆತನದವಳೇ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಇವಳ ನೋಡೋಣಕ್ಕೆ ನಿಜವಾಗಿಯೂ ನೋಡುವುದು ಎಂದೇ ಅರ್ಥ.

ಪರೀಕ್ಷೆ

ಪರೀಕ್ಷೆ ಸರಳ. ಬೀಕನ್ ಕಟ್ಟಿದ ಒಂದು ಬೊಂಬೆಯನ್ನು ಲಿಂಡಾ ಎಲ್ಲೋ ಹೂಳುತ್ತಾಳೆ. ಅನು ಅದನ್ನು ಹೊತ್ತು ಮೀರುವ ಮುಂಚೆ ಹುಡುಕಿ ಅಗೆದು ತೆಗೆಯಬೇಕು. ಬೊಂಬೆಯೆಂದರೆ ಡೆವನ್ ಅವೆನ್ಯೂದ ಸೋನಾ ಮಸೂರಿ ಚೀಲ. ಅಕ್ಕಿಯನ್ನು ಡ್ರಮ್ಮಿಗೆ ಸುರಿದ ಮೇಲೆ ಅನು ಅದಕ್ಕೆ ತನ್ನ ಅಪ್ಪನ ಹಳೇ ಪೈಜಾಮಗಳನ್ನು ತುರುಕಿದ್ದಳು. ಇಮ್ರಾನ್ ಅದಕ್ಕೆ ಮಿಸ್ಟರ್ ಮಸೂರಿ ಎಂದು ನಾಮಕರಣ ಮಾಡಿದ್ದ.

ಹೂಳಲು ಹೊರಟ ಲಿಂಡಾ ನನ್ನನ್ನು ದಾಟುವಾಗ, "ಸರೋಹಾ, ನಿನ್ನ ಬೀಕನ್ ಆಫ್ ಮಾಡಿಬಿಡು, ಹುಡುಗಿಗೆ ಗೊಂದಲವಾಗುತ್ತೆ," ಎಂದಳು. ಗವಸಿನೊಳಗಿನ ನನ್ನ ಬೆರಳುಗಳು ಯಾವುದನ್ನೂ ಆಫ್ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅನು ಆಗಲೇ ಬೆನ್ನು ತಿರುಗಿಸಿ ನಿಂತಿದ್ದಳು. ಇಮ್ರಾನನನ್ನು ಕರೆದೆ.

ಇಲ್ಲಿ ಒಂದು ಮಾತು. ಎದೆಯ ಮೇಲೆ ಮಿನುಗುವ, ನಾನಿನ್ನೂ ಇದ್ದೇನೆ ಎಂದು ಸಾರುವ ಕೆಂಪು ದೀಪ ಅದು. ಅದನ್ನು 'ಆರಿಸು' ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ಮಂತ್ರದಷ್ಟು ಇಂಗ್ಲಿಷ್ ಕಂಠಪಾಠ ಮಾಡಿದ ನಾಲಗೆಗೆ ಆ ಹೊತ್ತಿಗೆ 'ಆಫ್' ಎಂಬ ಪುಟ್ಟ ಪದವೂ ನೆನಪಾಗಲಿಲ್ಲ. ನಮ್ಮಮ್ಮ ದೇವರ ಮನೆಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದೆ:

"ಇದನ್ನ ಸ್ವಲ್ಪ ದೊಡ್ಡದು ಮಾಡಪ್ಪ."

"ಮಾಡೂಣಲ್ರೀ," ಎಂದು ಅವನು ಒಂದು ಪುಟ್ಟ ಚಕ್ರವನ್ನು ಕೊನೆಯ ತನಕ ತಿರುಗಿಸಿ, "ಫುಲ್ ಮಾಡೇನ್ರೀ, ಏನೂ ಹೆದರಬ್ಯಾಡ್ರಿ," ಎಂದು ಹೋದ. ಫುಲ್ ಎಂದರೆ ಫುಲ್ ಆಫ್ ಇರಬೇಕೆಂದು, ಬಗ್ಗಿ ದೀಪವನ್ನೂ ನೋಡದೆ, ನಾನು ನಿಶ್ಚಿಂತೆಯಾದೆ. ಬೆಳಗಿನ ಕಾಫಿ ತನ್ನ ಕೆಲಸ ಶುರುಮಾಡಿತ್ತು. ಬಯಲಿನಿಂದ ಸ್ವಲ್ಪ ಮೇಲೆ ದಟ್ಟವಾದ ಒಂದು ಮರ ನೋಡಿಟ್ಟುಕೊಂಡಿದ್ದೆ. ಎಲ್ಲರೂ ಪರೀಕ್ಷೆಯಲ್ಲಿ ಮುಳುಗಿದ್ದಾಗ ಅತ್ತ ಹೊರಟೆ.

ಮೂರು ಪದರ ಬಟ್ಟೆಯನ್ನು, ಕಾಲಿಗೆ ಬ್ಯಾಟು ಕಟ್ಟಿಕೊಂಡು, ಮಂಡಿಯವರೆಗಿನ ಹಿಮದಲ್ಲಿ, ಘನತೆಗೆ ಭಂಗ ಬಾರದಂತೆ ಸರಿಸುವ ವಿದ್ಯೆ ಯಾವ ಕಾನ್ವೆಂಟಿನಲ್ಲೂ ಕಲಿಸುವುದಿಲ್ಲ. ಹೇಗೋ ಕುಕ್ಕರುಗಾಲಲ್ಲಿ ಕೂತೆ. ಮರದ ಮೇಲಿಂದ ಒಂದು ಹಿಡಿ ಹಿಮ ಕತ್ತಿನೊಳಗೆ ಬಿತ್ತು. ಮೌನ. ಆ ಮೌನದಲ್ಲಿ ಬೀಪ್. ಬೀಪ್. ಬೀಪ್. ಹತ್ತಿರವಾಗುತ್ತಿತ್ತು.

ರೆಂಬೆಗಳ ನಡುವೆ ಅನು ಕಾಣಿಸಿದಳು. ಕಣ್ಣು ಕೈಯ ಯಂತ್ರದ ಮೇಲೆ. ನೆಲ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಬೀಪ್‌ಗಳು ಒಂದಕ್ಕೊಂದು ಅಂಟಿಕೊಂಡು ಕಿರುಚತೊಡಗಿದವು. ಅವಳು ಮಂಡಿಯೂರಿ, ಯಂತ್ರವನ್ನು ಹಿಮಕ್ಕೆ ತಾಗಿಸಿ ಎಡಕ್ಕೂ ಬಲಕ್ಕೂ ಆಡಿಸುತ್ತಾ ನನ್ನ ಹಿಂಭಾಗದತ್ತ ತೆವಳಿ ಬಂದು, ಇನ್ನೊಂದು ಕೈಯಿಂದ, ಹಿಮದಡಿ ಯಾರಿದ್ದಾರೆಂದು ಚುಚ್ಚಿ ನೋಡುವ ಆ ಉದ್ದನೆಯ ಮಡಚುಗೋಲನ್ನು ಬಿಡಿಸಿದಳು.

"ಅನೂ! ಚುಚ್ಚಬೇಡ್ವೇ! ಜೀವಂತ ಇದೀನಿ!"

ಅವಳು ತಲೆಯೆತ್ತಿದಳು. ಕೆಳಗಿನಿಂದ ಲಿಂಡಾಳ ಸೀಟಿ ಕೇಳಿಸಿತು. ಹೊತ್ತು ಮುಗಿದಿತ್ತು. ಮಿಸ್ಟರ್ ಮಸೂರಿ ಬಯಲಿನ ಇನ್ನೊಂದು ತುದಿಯಲ್ಲಿ ದಿವಂಗತರಾಗಿದ್ದರು.

"ಅಮ್ಮ ಹೇಳಿಕೊಟ್ಟಳಾ?" ಎಂದಳು ಅನು. ಈ ಸಲ ಶುದ್ಧ ಕನ್ನಡದಲ್ಲಿ. "ನನ್ನ ಫೇಲ್ ಮಾಡಿಸು ಅಂತ ಕಳಿಸಿದಳಾ?"

ಪ್ಯಾಂಟು ಏರಿಸಿಕೊಳ್ಳುತ್ತಾ ಆರೋಪಕ್ಕೆ ಉತ್ತರ ಕೊಡುವುದು ಕಷ್ಟ. ಅದರಲ್ಲೂ ಆರೋಪದಲ್ಲಿ ಅರ್ಧ ನಿಜವಿದ್ದಾಗ. "ಬೇಡ ಅನ್ನಿಸು ಅಂದಿದ್ಲು. ಮೋಸ ಮಾಡು ಅಂದಿರಲಿಲ್ಲ. ನಾನು ಮಾಡೂ ಇಲ್ಲ," ಎಂದೆ. ಅವಳು ನಂಬಲಿಲ್ಲ. ಬೆನ್ನು ಹಾಕಿ ಇಳಿದಳು.

ಕೆಳಗೆ ವಿಚಾರಣೆ. ಇಮ್ರಾನ್ ಕೈಕೈ ಹೊಸೆಯುತ್ತಿದ್ದ. "ಆಂಟಿ ದೊಡ್ಡದು ಮಾಡು ಅಂದ್ರು, ದೊಡ್ಡದು ಮಾಡ್ದೆ! ರೇಡಿಯೋ ದೊಡ್ಡದು ಮಾಡು ಅಂತೀವಲ್ರೀ, ಹಂಗ! ಒಬ್ರ ನಿಂತಾರ, ಹೆದರ್ಯಾರ, ಸೌಂಡ್ ಬೇಕಾಗೇತಿ ಅಂತ ತಿಳಕೊಂಡೆ."

"ದೀಪ ದೊಡ್ಡದು ಮಾಡೋದು ಅಂದ್ರೆ ಆರಿಸೋದು ಕಣಪ್ಪ!"

"ಯಾವೂರಾಗ್ರೀ?"

"ಮೈಸೂರಲ್ಲಿ!"

"ಹಂಗಾರ ನಿಮ್ಮೂರಾಗ ದೊಡ್ಡದು ಮಾಡಬೇಕಂದ್ರ ಏನಂತೀರಿ? ಸಣ್ಣದು ಮಾಡು ಅಂತೀರೇನು?"

ಲಿಂಡಾ ನಮ್ಮಿಬ್ಬರನ್ನೂ ಪಿಂಗ್‌ಪಾಂಗ್ ನೋಡುವವರಂತೆ ನೋಡಿ ತರ್ಜುಮೆ ಕೇಳಿದಳು. ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಿವರಿಸಿದೆ: ನಮ್ಮಲ್ಲಿ ದೀಪ ಆರಿತು ಅನ್ನುವುದಿಲ್ಲ, ದೊಡ್ಡದಾಯಿತು ಅನ್ನುತ್ತೇವೆ. ಅಶುಭವಾದದ್ದನ್ನು ಬಾಯಲ್ಲಿ ಆಡುವುದಿಲ್ಲ.

ಲಿಂಡಾ ಕೇಳಿದಳು: "ಹಾಗಾದರೆ ಯಾರಾದರೂ ಸಾಯುತ್ತಿದ್ದರೆ ಏನು ಹೇಳುತ್ತೀರಿ?"

ನಮ್ಮವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಬಂದವರಿಗೆಲ್ಲ ನಾನು 'ಸ್ವಲ್ಪ ವೀಕ್‌ನೆಸ್' ಅನ್ನುತ್ತಿದ್ದೆ. ಅವರೂ ಹಾಸಿಗೆಯಿಂದಲೇ 'ಹೌದು, ವೀಕ್‌ನೆಸ್' ಅನ್ನುತ್ತಿದ್ದರು. ಇಬ್ಬರೂ ವೀಕ್‌ನೆಸ್ ವೀಕ್‌ನೆಸ್ ಅನ್ನುತ್ತಲೇ ಇದ್ದೆವು. ಒಂದು ಬೆಳಿಗ್ಗೆ ಅದನ್ನು ಹೇಳಲು ನಾನೊಬ್ಬಳೇ ಉಳಿದೆ. ಬೇರೇನಾದರೂ ಮಾತಾಡುವುದಿತ್ತೋ ಏನೋ. ಇದನ್ನೆಲ್ಲ ಲಿಂಡಾಗೆ ಹೇಳಲಿಲ್ಲ. "ವಿ ಮ್ಯಾನೇಜ್," ಎಂದೆ.

ಎಲ್ಲ ತಪ್ಪೂ ನನ್ನದು, ಹುಡುಗಿಗೆ ಇನ್ನೊಂದು ಅವಕಾಶ ಕೊಡು ಎಂದು ಕೇಳಿಕೊಂಡೆ. ಲಿಂಡಾ ತಲೆಯಾಡಿಸಿದಳು. "ಅವಕಾಶ ಕೊಡ್ತೀನಿ. ಆದರೆ ತಪ್ಪು ನಿನ್ನದಲ್ಲ." ಅನುವಿನ ಕಡೆ ತಿರುಗಿ ಹೇಳಿದಳು: "ನಿಜವಾದ ಬೆಟ್ಟದಲ್ಲೂ ಯಾರೋ ಒಬ್ಬರು ಮರೀತಾರೆ, ಯಾರೋ ತಪ್ಪು ತಿಳೀತಾರೆ. ಹುಡುಕೋಕೆ ಹೊರಡೋ ಮುಂಚೆ ಎಲ್ಲರದ್ದೂ ಆಫ್ ಆಗಿದೆಯಾ ಅಂತ ನೀನು ಕೇಳಿದೆಯಾ?"

"ಇಲ್ಲ," ಎಂದಳು ಅನು.

ಕೊರಕಲು

ಊಟದ ಹೊತ್ತಿನಲ್ಲಿ ಅನು ನನ್ನಿಂದ ದೂರ ಕೂತಳು. ಲಿಂಡಾಳ ಚಾಕೊಲೇಟು ಚಳಿಗೆ ಕಲ್ಲಾಗಿ ಅವಳು ಅದನ್ನು ಸಲಿಕೆಯ ಹಿಡಿಯಿಂದ ಕುಟ್ಟುತ್ತಿದ್ದಳು. ನನ್ನ ಕೋಡುಬಳೆ ಮಾತ್ರ ಮೈಸೂರಿನಲ್ಲಿದ್ದ ಹಾಗೆಯೇ ಇತ್ತು. ಮೊದಲೇ ಕಲ್ಲಾಗಿದ್ದಕ್ಕೆ ಇನ್ನೇನಾಗಬೇಕು? ಇಮ್ರಾನ್ ಪಶ್ಚಾತ್ತಾಪದಿಂದ ಅರ್ಧ ಡಬ್ಬಿ ಮುಗಿಸಿದ.

ಎರಡನೆಯ ಸಲ ಅನು ಸೀದಾ ಹೊರಡಲಿಲ್ಲ. ಮೊದಲು ಲಿಂಡಾಳ ಎದುರು ನಿಂತು ಅವಳ ಬೀಕನ್ ತಾನೇ ನೋಡಿದಳು. ಇಮ್ರಾನನದನ್ನು ನೋಡಿದಳು. ಆಮೇಲೆ ನನ್ನೆದುರು ಬಂದಳು.

"ದೊಡ್ಡಮ್ಮ, ಆರಿಸಿ."

ಗವಸು ಕಳಚಿದೆ. ಬೆರಳು ಮರಗಟ್ಟುತ್ತಿತ್ತು. ಗುಂಡಿ ತಿರುಗಿಸಿದೆ. ಕೆಂಪು ದೀಪ ಹೋಯಿತು.

"ಬಾಯಲ್ಲಿ ಹೇಳಿ. ಅದು ರೂಲು."

"ಆರಿಸಿದೆ ಕಣೇ," ಎಂದೆ. ಆಕಾಶವೇನೂ ಬೀಳಲಿಲ್ಲ.

ಅವಳು ಬೇಟೆನಾಯಿಯ ಹಾಗೆ ಬಯಲನ್ನು ಅಡ್ಡಡ್ಡ ಹಾದು, ಬಾಗಿ, ಮಂಡಿಯೂರಿ, ಕೋಲಿನಿಂದ ಚುಚ್ಚಿ, ಸಲಿಕೆ ಬೀಸತೊಡಗಿದಳು. ಹಿಮ ಹಾರುತ್ತಿತ್ತು. ಸೋನಾ ಮಸೂರಿಯ ಹಳದಿ ಅಕ್ಷರಗಳು ಕಾಣಿಸಿದಾಗ ನಾನು ಸ್ನೋಶೂ ಮರೆತು ಕುಣಿಯಲು ಹೋಗಿ ಮೂತಿ ಊರಿ ಬಿದ್ದೆ. ನನ್ನನ್ನು ಎಬ್ಬಿಸಲು ಸಲಿಕೆ ಬೇಕಾಗಲಿಲ್ಲ, ಇಮ್ರಾನ್ ಸಾಕಾದ. ಲಿಂಡಾ ಗಡಿಯಾರ ನೋಡಿ ಹೆಬ್ಬೆರಳು ಎತ್ತಿದಳು.

ಆಮೇಲೆ ಮೂವರೂ ಗುಡ್ಡ ಹತ್ತಲು ಹೊರಟರು. ಮರಗಳ ನಡುವೆ ಹಾವಿನಂತೆ ಸುತ್ತುತ್ತಾ ಹೋಗುವ ಅವರನ್ನು ನಾನು ಬಯಲಿನಲ್ಲಿ ಮಿಸ್ಟರ್ ಮಸೂರಿಯ ಮೇಲೆ ಕೂತು ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ನೆತ್ತಿಯಲ್ಲಿ ಮೂರು ಇರುವೆ ಕಾಣಿಸಿದವು, ಆ ಬಿಳಿ ಕೊರಕಲಿನ ಬಾಯಿಗೆ ಸರಿಯಾಗಿ. ನಿಂತವು. ನಿಂತೇ ಇದ್ದವು. ಕೊರಕಲು ಎಂಥ ನುಣುಪಾಗಿತ್ತೆಂದರೆ ನನಗೇ ಜಾರಬೇಕೆನ್ನಿಸುತ್ತಿತ್ತು. ಬೆಳಿಗ್ಗೆ ಲಿಂಡಾಳ ಮಡಿಲಿಗೆ ಜಾರಿದ ಹಿಮದ ತುಂಡು ಕಣ್ಣ ಮುಂದೆ ಬಂತು. ಇನ್ನೊಂದು ಗಳಿಗೆಗೆ ಇರುವೆಗಳು ಮಾಯವಾದವು.

ಕೊರಕಲನ್ನು ನೋಡಿದೆ. ಏನೂ ಇಲ್ಲ. ಕಣ್ಣೊರೆಸಿಕೊಂಡು ನೋಡಿದೆ. ಗಾಳಿ ಹಿಮದ ಪುಡಿ ಎಬ್ಬಿಸಿತು. ಅದು ಗಾಳಿಯೋ ಬೇರೇನೋ ಗೊತ್ತಾಗಲಿಲ್ಲ. ಎದೆಯ ಯಂತ್ರಕ್ಕೆ ಕೈ ಹೋಯಿತು. ಅದನ್ನು ಹುಡುಕುವ ಕಡೆಗೆ ತಿರುಗಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಸಲಿಕೆ ಹುಡುಕಿದೆ. ಮೂರೂ ಅವರ ಬೆನ್ನಿನಲ್ಲಿದ್ದವು. ಆ ಬಯಲಿನಲ್ಲಿ ನಾನು, ಕೋಡುಬಳೆಯ ಡಬ್ಬಿ, ಮಿಸ್ಟರ್ ಮಸೂರಿ. ಬಿಡ್ತು ಎನ್ನಲು ಬಾಯಿ ತೆರೆದೆ. ಉಸಿರು ಮಾತ್ರ ಹೊಗೆಯಾಗಿ ಬಂತು.

ಪಕ್ಕದ ಕಾಡಿನಿಂದ ಒಂದು ಕೂಗು. ಮರಗಳ ನಡುವಿನ ಮಂದ ಇಳಿಜಾರಿನಲ್ಲಿ ಅನು ತಿರುವು ತಿರುವಾಗಿ ಇಳಿದು ಬಂದಳು, ಹಿಂದೆ ಲಿಂಡಾ, ಕೊನೆಗೆ ಇಮ್ರಾನ್, ಹೆಚ್ಚಿನ ದಾರಿಯನ್ನು ಕೂತುಕೊಂಡೇ.

"ಆ ಕೊರಕಲಲ್ಲಿ ಬರ್ಲಿಲ್ವೇ?" ನನ್ನ ದನಿ ಕೀರಲಾಗಿತ್ತು.

"ಬೇಡ ಅಂತ ಆಯ್ತು. ಶುಗರ್ ಲೇಯರ್ ಮೇಲೂ ಇತ್ತು."

"ಯಾರು ಬೇಡ ಅಂದದ್ದು? ಲಿಂಡಾನಾ?"

"ನಾನೇ," ಎಂದಳು ಅನು. "ಲಿಂಡಾ ಒಬ್ಬೊಬ್ಬರನ್ನೂ ಕೇಳಿದ್ಲು. ನನಗೆ ತುಂಬಾ ಆಸೆ ಇತ್ತು ದೊಡ್ಡಮ್ಮ. ಇಟ್ ವಾಸ್ ಸೋ ಪ್ರೆಟಿ. ಆದ್ರೆ ನೋ ಅಂದೆ." ಸ್ಕೀ ಬಿಚ್ಚುತ್ತಾ ಸೇರಿಸಿದಳು, "ನಿಮಗೆ ಚಳಿ ಆಗ್ತಿದೆ. ನಡುಗ್ತಿದೀರ."

ಚಳಿ ಎಂದೇ ಒಪ್ಪಿಕೊಂಡೆ.

ಫೋನು

ಸಂಜೆ ಮರದ ಮನೆಯಲ್ಲಿ ಒಲೆಯ ಮುಂದೆ ಸಾಲಾಗಿ ಕಾಲುಚೀಲಗಳು ಒಣಗುತ್ತಿದ್ದವು. ವಾಸನೆಯನ್ನು ವರ್ಣಿಸುವುದಿಲ್ಲ. ಅನು ನನ್ನ ಪಕ್ಕ ಬಂದು ಕೂತು, ದೂರದ ಕರೆಗೆ ಮೊದಲೇ ದುಡ್ಡು ಕೊಟ್ಟು ಕೊಂಡಿದ್ದ ಕಾಲಿಂಗ್ ಕಾರ್ಡ್ ಕೈಗಿಟ್ಟಳು. "ಅಮ್ಮನಿಗೆ ನೀವೇ ಮಾತಾಡಿ. ಏನು ಬೇಕಾದ್ರೂ ಹೇಳಿ. ಅವಳು ಬೇಡ ಅಂದ್ರೆ ಹೋಗಲ್ಲ." ಎದ್ದು ಹೋಗಲಿಲ್ಲ. ಗೋಡೆಗೆ ಒರಗಿ, ಮಂಡಿ ತಬ್ಬಿಕೊಂಡು ಅಲ್ಲೇ ಕೂತಳು.

ಮೊದಲ ರಿಂಗಿಗೇ ವಿಮಲ ಎತ್ತಿದಳು. "ಏನಾಯ್ತಕ್ಕಾ? ಬೇಡ ಅಂದಳಾ?"

"ಅಂದಳು."

"ಅಬ್ಬಾ! ನನಗೆ ಗೊತ್ತಿತ್ತು ನೀನು ಹೇಳಿದ್ರೆ..."

"ಪೂರ್ತಿ ಕೇಳೇ. ಇಲ್ಲೊಂದು ಕೊರಕಲಿತ್ತು, ಅದು ಬೇಡ ಅಂದಳು. ತುದಿಗೆ ಹೋಗಿ ನಿಂತು, ಆಸೆ ಇಟ್ಕೊಂಡೇ ಬೇಡ ಅಂದು ಬೇರೆ ದಾರೀಲಿ ಬಂದಳು. ಪರೀಕ್ಷೆ ಪಾಸಾಗಿದಾಳೆ. ಮಾರ್ಚಿಗೆ ಹೋಗ್ಲಿ."

ಆ ಕಡೆ ಕುಕ್ಕರು ಕೂಗಿತು. ವಿಮಲ ಅದನ್ನು ಇಳಿಸಿ ಬಂದಳು. "ಅಕ್ಕಾ, ಅಲ್ಲಿ ಏನಾದ್ರೂ ಹೆಚ್ಚೂಕಮ್ಮಿ ಆದ್ರೆ?"

"ಹೆಚ್ಚೂಕಮ್ಮಿ ಅಂದ್ರೆ?"

"ಅದೇ... ಏನಾದ್ರೂ."

"ಸತ್ತರೆ ಅಂತ ತಾನೇ?"

ಗೋಡೆಯ ಬಳಿ ಅನು ತಲೆಯೆತ್ತಿದಳು. ಮಾತು ಕನ್ನಡದ್ದಾದರೂ ಯಾಕೋ ಲಿಂಡಾ ಕೂಡ ಸೌಟು ಹಿಡಿದು ನಿಂತಳು.

"ಸಾಯಬಹುದು ವಿಮಲಾ," ಎಂದೆ. "ಇವತ್ತು ಒಂದು ಗಳಿಗೆ ಸತ್ತೇ ಹೋದಳು ಅಂದ್ಕೊಂಡೆ. ನನ್ನ ಹತ್ರ ಒಂದು ಸಲಿಕೆಯೂ ಇರಲಿಲ್ಲ. ನಿನಗೆ ಸುಳ್ಳು ಹೇಳಲ್ಲ, ಅಪಾಯ ಇದೆ. ಇವರೆಲ್ಲ ಅದನ್ನ ಬೆಳಗಿಂದ ಸಂಜೆವರೆಗೂ ಬಾಯ್ಬಿಟ್ಟು ಮಾತಾಡ್ತಾರೆ, ಅದಕ್ಕೇ ಹಿಂದಕ್ಕೆ ಬರ್ತಾರೆ. ನಿನ್ನ ಮಗಳು ಹಿಂದಕ್ಕೆ ಬರೋದು ಕಲಿತಿದಾಳೆ. ನೀನು ಬೇಡ ಅನ್ನೋದಾದ್ರೆ ಬೇಡ ಅನ್ನು, ಅವಳು ಕೇಳ್ತಾಳೆ. ನೋಡೋಣ ಅಂತ ಮಾತ್ರ ಅನ್ನಬೇಡ."

ತಂಗಿ ಅಳುತ್ತಿದ್ದಳೋ ಒಗ್ಗರಣೆಯ ಘಾಟಿಗೆ ಮೂಗೆಳೆಯುತ್ತಿದ್ದಳೋ ಹೇಳಲಾರೆ. ಹಿಂದೆ ಅವಳ ಗಂಡ ಏನೋ ಕೇಳಿದರು, "ಸುಮ್ನಿರಿ" ಎಂದಳು. ಕಾರ್ಡಿನ ನಿಮಿಷಗಳು ಓಡುತ್ತಿದ್ದವು. ಅನು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳಿಗೆ ಯಾವ ಸನ್ನೆಯನ್ನೂ ಮಾಡಲಿಲ್ಲ.

ಕೊನೆಗೆ ವಿಮಲ ಕೇಳಿದಳು.

"ದಪ್ಪ ಸಾಕ್ಸ್ ಎಷ್ಟು ಜೊತೆ ಇದೆ ಅಂತೆ ಅವಳ ಹತ್ರ? ಕೇಳು."